ಅತಿಭಾರ ಧಾತುಗಳ ಪರಮಾಣು ರಾಶಿ: ಚೌಕ ಆವರಣದೊಳಗಿನ ಆ ಸಂಖ್ಯೆ ಯಾವುದು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಬಳಿಯಿರುವ ಒಂದು ಆವರ್ತ ಕೋಷ್ಟಕದಲ್ಲಿ ಕೋಪರ್ನಿಸಿಯಮ್‌ನ ಪರಮಾಣು ರಾಶಿ 277 ಎಂದಿದೆ, ಇನ್ನೊಂದರಲ್ಲಿ 285 ಎಂದಿದೆ. ಡಬ್ನಿಯಮ್‌ಗೆ ಒಂದರಲ್ಲಿ 262, ಮತ್ತೊಂದರಲ್ಲಿ 268. ಕ್ಲೋರಿನ್‌ಗೆ 35.45 ಎಂದು ದಶಮಾಂಶ ಸಹಿತ ಕೊಡುವವರು ಇವುಗಳಿಗೆ ಮಾತ್ರ ಪೂರ್ಣಾಂಕವನ್ನು ಚೌಕ ಆವರಣದೊಳಗೆ ಹಾಕುವುದೇಕೆ? ಯಾವ ಸಂಖ್ಯೆ ಸರಿ? ಒಂದು ಸೆಕೆಂಡೂ ಉಳಿಯದ ಪರಮಾಣುವಿನ ರಾಶಿಯನ್ನು ಅಳೆಯುವುದಾದರೂ ಹೇಗೆ?

ಉತ್ತರ: ನೀವು ನೋಡಿದ ಎರಡು ಕೋಷ್ಟಕಗಳಲ್ಲಿ ಯಾವುದೂ ತಪ್ಪಲ್ಲ, ಅವು ಬೇರೆ ಬೇರೆ ಕಾಲದ ತಿಳಿವಳಿಕೆಯನ್ನು ಹೇಳುತ್ತಿವೆ, ಅಷ್ಟೇ. ಇಂದು ಬಳಸಬೇಕಾದದ್ದು ಕೋಪರ್ನಿಸಿಯಮ್‌ಗೆ 285, ಡಬ್ನಿಯಮ್‌ಗೆ 268. ಆದರೆ ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಆವರಣದೊಳಗಿನ ಸಂಖ್ಯೆ ಆ ಧಾತುವಿನ ಪರಮಾಣು ರಾಶಿಯೇ ಅಲ್ಲ. ಅದು ಆ ಧಾತುವಿನ ಒಂದು ನಿರ್ದಿಷ್ಟ ಐಸೋಟೋಪಿನ (ಪ್ರೋಟಾನುಗಳು ಅಷ್ಟೇ ಇದ್ದು ನ್ಯೂಟ್ರಾನುಗಳ ಸಂಖ್ಯೆ ಬೇರೆಯಾಗಿರುವ ಬಗೆಗಳಲ್ಲಿ ಒಂದರ) ರಾಶಿ ಸಂಖ್ಯೆ, ಅಂದರೆ ಆ ಐಸೋಟೋಪಿನ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನು ಮತ್ತು ನ್ಯೂಟ್ರಾನುಗಳ ಒಟ್ಟು ಎಣಿಕೆ. ಎಣಿಕೆಯಾದ್ದರಿಂದಲೇ ಅದು ಪೂರ್ಣಾಂಕ.

ಕ್ಲೋರಿನ್‌ನ 35.45 ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಪ್ರಕೃತಿಯಲ್ಲಿ ಸಿಗುವ ಕ್ಲೋರಿನ್‌ನಲ್ಲಿ ಎರಡು ಸ್ಥಿರ ಐಸೋಟೋಪುಗಳಿವೆ. ಕ್ಲೋರಿನ್-35ರ ಪಾಲು ಸುಮಾರು ಶೇಕಡಾ 75.8, ಕ್ಲೋರಿನ್-37ರ ಪಾಲು ಸುಮಾರು ಶೇಕಡಾ 24.2. ಮೊದಲನೆಯದರ ರಾಶಿ 34.97, ಎರಡನೆಯದರದ್ದು 36.97. ಇವೆರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಸೇರಿಸಿ ತೆಗೆದ ಸರಾಸರಿಯೇ 35.45. ಈ ಸರಾಸರಿಗೆ ಅರ್ಥ ಬರುವುದು ಒಂದೇ ಒಂದು ಕಾರಣಕ್ಕೆ: ಸಮುದ್ರದ ಉಪ್ಪಿನಿಂದ ತೆಗೆದ ಕ್ಲೋರಿನ್ ಆಗಲಿ, ಗಣಿಯ ಉಪ್ಪಿನಿಂದ ತೆಗೆದದ್ದಾಗಲಿ, ಈ ಪಾಲು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಾಗಾಗಿ ಬಾಟಲಿಯೊಳಗಿನ ಕ್ಲೋರಿನ್ ಎಲ್ಲಿಂದ ಬಂತೆಂದು ವಿಚಾರಿಸದೆಯೇ ನಾವು 35.45 ಹಿಡಿದು ಲೆಕ್ಕ ಮಾಡಬಹುದು.

ಅತಿಭಾರ ಧಾತುಗಳಿಗೆ, ಅಂದರೆ 104ನೆಯ ರುದರ್‌ಫೋರ್ಡಿಯಮ್‌ನಿಂದ 118ನೆಯ ಓಗನೆಸಾನ್‌ವರೆಗಿನವುಗಳಿಗೆ, ಅಂಥ ನೈಸರ್ಗಿಕ ಮಿಶ್ರಣವೇ ಇಲ್ಲ. ಅವು ಭೂಮಿಯಲ್ಲಿ ಸಿಗುವುದಿಲ್ಲ, ಪ್ರಯೋಗಾಲಯದಲ್ಲಿ ಒಂದೊಂದೇ ಪರಮಾಣುವಾಗಿ ಹುಟ್ಟುತ್ತವೆ. ಯಾವ ಐಸೋಟೋಪು ಹುಟ್ಟಬೇಕು ಎಂಬುದನ್ನು ಪ್ರಯೋಗ ಮಾಡುವವರು ಆರಿಸಿಕೊಂಡ ಗುರಿಫಲಕ (ಹೊಡೆತ ತಿನ್ನುವ ಧಾತುವಿನ ಪದರ) ಮತ್ತು ಕಿರಣಪುಂಜಗಳೇ (ಅದರ ಮೇಲೆ ಹಾಯಿಸುವ ನ್ಯೂಕ್ಲಿಯಸ್ಸುಗಳ ಧಾರೆ) ತೀರ್ಮಾನಿಸುತ್ತವೆ. ಪಾಲುಗಳೇ ಇಲ್ಲದ ಮೇಲೆ ಸರಾಸರಿ ತೆಗೆಯುವುದು ಯಾವುದರದ್ದು? ಆದ್ದರಿಂದ ಅಂತರರಾಷ್ಟ್ರೀಯ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರ ಒಕ್ಕೂಟವು, ಅಂದರೆ ಐಯುಪಿಎಸಿ, ಈ ಧಾತುಗಳಿಗೆ ಪ್ರಮಾಣಿತ ಪರಮಾಣು ತೂಕವನ್ನು ನಿಗದಿಪಡಿಸುವುದೇ ಇಲ್ಲ. ವಿಕಿರಣಶೀಲವಾಗಿರುವುದು ಮಾತ್ರ ಇದಕ್ಕೆ ಕಾರಣವಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಯುರೇನಿಯಮ್, ಥೋರಿಯಮ್, ಪ್ರೋಟಾಕ್ಟಿನಿಯಮ್ ಮತ್ತು ಬಿಸ್ಮತ್‌ಗಳಿಗೆ ಸ್ಥಿರ ಐಸೋಟೋಪು ಒಂದೂ ಇಲ್ಲದಿದ್ದರೂ ಅವುಗಳಿಗೆ ಪ್ರಮಾಣಿತ ತೂಕವಿದೆ, ಯುರೇನಿಯಮ್‌ನದು 238.03. ಇವು ನಿಶ್ಚಿತವಾದ ನೈಸರ್ಗಿಕ ಮಿಶ್ರಣದಲ್ಲಿ ಸಿಗುತ್ತವೆ ಎಂಬುದೇ ವ್ಯತ್ಯಾಸ.

ಸರಾಸರಿ ಸಾಧ್ಯವಿಲ್ಲದಿದ್ದರೂ ಕೋಷ್ಟಕದ ಮನೆಯನ್ನು ಖಾಲಿ ಬಿಡಲು ಅಚ್ಚು ಹಾಕುವವರಿಗೆ ಮನಸ್ಸು ಬರುವುದಿಲ್ಲ. ಅದಕ್ಕಾಗಿ ಒಂದು ರೂಢಿ ಬೆಳೆದು ಬಂದಿದೆ. ತಿಳಿದಿರುವ ಐಸೋಟೋಪುಗಳಲ್ಲಿ ಅತಿ ಹೆಚ್ಚು ಅರ್ಧಾಯು (ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ) ಇರುವುದು ಯಾವುದೋ ಅದರ ರಾಶಿ ಸಂಖ್ಯೆಯನ್ನು ಆವರಣದಲ್ಲಿ ಕೊಡುವುದು ಆ ರೂಢಿ. ಇದಕ್ಕೆ ಮಿತಿಗಳಿವೆ. ಪ್ಲುಟೋನಿಯಮ್‌ನ ಮನೆಯಲ್ಲಿ 244 ಎಂದಿರುತ್ತದೆ, ಏಕೆಂದರೆ ಪ್ಲುಟೋನಿಯಮ್-244ರ ಅರ್ಧಾಯು ಸುಮಾರು 8 ಕೋಟಿ ವರ್ಷ. ಆದರೆ ಪರಮಾಣು ರಿಯಾಕ್ಟರುಗಳ ಮಾತು ಬಂದಾಗ ಮುಖ್ಯವಾಗುವುದು ಸುಮಾರು 24,100 ವರ್ಷಗಳ ಅರ್ಧಾಯುವಿನ ಪ್ಲುಟೋನಿಯಮ್-239. ಟೆಕ್ನೀಶಿಯಮ್‌ಗೆ ಕೆಲವು ಕೋಷ್ಟಕಗಳಲ್ಲಿ 97, ಕೆಲವುಗಳಲ್ಲಿ 98 ಇರುವುದನ್ನು ನೀವು ಗಮನಿಸಿರಬಹುದು. ಎರಡರ ಅರ್ಧಾಯುವೂ ಸುಮಾರು 42 ಲಕ್ಷ ವರ್ಷ, ಅಳತೆಯ ಅನಿಶ್ಚಿತತೆಯೊಳಗೆ ಯಾವುದು ಮುಂದೆ ಎಂದು ಹೇಳುವುದು ಕಷ್ಟ. ಆಸ್ಪತ್ರೆಗಳಲ್ಲಿ ರೋಗಪತ್ತೆಗೆ ಬಳಸುವ ಟೆಕ್ನೀಶಿಯಮ್ ಇವೆರಡೂ ಅಲ್ಲ, 99. ಆವರಣದ ಸಂಖ್ಯೆ ಕೇವಲ ಒಂದು ಪ್ರತಿನಿಧಿ. ಅದನ್ನು ಧಾತುವಿನ ಗುಣವೆಂದು ಭಾವಿಸಬಾರದು.

ಇನ್ನು ಕೋಪರ್ನಿಸಿಯಮ್. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿರುವ ಜಿಎಸ್‌ಐ ಪ್ರಯೋಗಾಲಯದಲ್ಲಿ 1996ರಲ್ಲಿ ಸೀಸ-208ರ ಮೇಲೆ ಸತು-70ರ ನ್ಯೂಕ್ಲಿಯಸ್ಸುಗಳನ್ನು ಹಾಯಿಸಿ ಅದನ್ನು ಮೊದಲ ಸಲ ಪಡೆದರು. ಪ್ರೋಟಾನುಗಳ ಲೆಕ್ಕ: 82 ಮತ್ತು 30 ಸೇರಿ 112. ಒಟ್ಟು ಕಣಗಳ ಲೆಕ್ಕ: 208 ಮತ್ತು 70 ಸೇರಿ 278; ಕೂಡಿದ ನ್ಯೂಕ್ಲಿಯಸ್ಸು ತನ್ನ ಹೆಚ್ಚುವರಿ ಶಕ್ತಿಯನ್ನು ಕಳೆದುಕೊಳ್ಳಲು ಒಂದು ನ್ಯೂಟ್ರಾನನ್ನು ಹೊರಹಾಕಿದ್ದರಿಂದ ಉಳಿದದ್ದು 277. ಅದರ ಅರ್ಧಾಯು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಆಗ ಗೊತ್ತಿದ್ದದ್ದು ಆ ಒಂದೇ ಐಸೋಟೋಪು, ಹಾಗಾಗಿ ಆ ಕಾಲದ ಕೋಷ್ಟಕಗಳಲ್ಲಿ 277 ಬಂತು. ಆನಂತರ ರಷ್ಯಾದ ದುಬ್ನಾದಲ್ಲಿರುವ ಜಂಟಿ ಪರಮಾಣು ಸಂಶೋಧನಾ ಸಂಸ್ಥೆಯಲ್ಲಿ ಬೇರೊಂದು ದಾರಿ ಹಿಡಿದರು. ಪ್ಲುಟೋನಿಯಮ್-244ರ ಮೇಲೆ ಕ್ಯಾಲ್ಸಿಯಮ್-48 ಹಾಯಿಸಿದರೆ ಮೂರು ನ್ಯೂಟ್ರಾನು ಕಳೆದು ಫ್ಲೆರೋವಿಯಮ್-289 ಸಿಗುತ್ತದೆ. ಅದು ಒಂದು ಆಲ್ಫಾ ಕಣವನ್ನು (ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಗುಂಪು) ಹೊರಹಾಕಿದಾಗ ಉಳಿಯುವುದೇ ಕೋಪರ್ನಿಸಿಯಮ್-285. ಇದರ ಅರ್ಧಾಯು ಸುಮಾರು 30 ಸೆಕೆಂಡು. ಎಂಟು ನ್ಯೂಟ್ರಾನು ಹೆಚ್ಚಾದದ್ದಕ್ಕೆ ಆಯುಸ್ಸು ಹತ್ತಾರು ಸಾವಿರ ಪಟ್ಟು ಬೆಳೆದಿದೆ. ಡಬ್ನಿಯಮ್‌ನ ಕಥೆಯೂ ಇದೇ. ಹಳೆಯ ಕೋಷ್ಟಕದ ಡಬ್ನಿಯಮ್-262 ಸುಮಾರು ಅರ್ಧ ನಿಮಿಷದಲ್ಲಿ ಅರ್ಧಕ್ಕಿಳಿಯುತ್ತದೆ. 115ನೆಯ ಧಾತುವಾದ ಮೊಸ್ಕೋವಿಯಮ್‌ನ ಕ್ಷಯ ಸರಣಿಯ (ಒಂದು ನ್ಯೂಕ್ಲಿಯಸ್ಸು ಕ್ಷಯಿಸಿ ಇನ್ನೊಂದಾಗುತ್ತ ಹೋಗುವ ಸಾಲು) ತುದಿಯಲ್ಲಿ ಸಿಕ್ಕ ಡಬ್ನಿಯಮ್-268ಕ್ಕೆ ಅರ್ಧ ದಿನಕ್ಕೂ ಹೆಚ್ಚು ಕಾಲ ಬೇಕು.

ಇಲ್ಲಿ ಕ್ಯಾಲ್ಸಿಯಮ್-48ರ ಪಾತ್ರ ದೊಡ್ಡದು. ನೈಸರ್ಗಿಕ ಕ್ಯಾಲ್ಸಿಯಮ್‌ನಲ್ಲಿ ಅದರ ಪಾಲು ಶೇಕಡಾ 0.19ರಷ್ಟು ಮಾತ್ರ. ಆದರೆ 20 ಪ್ರೋಟಾನಿಗೆ 28 ನ್ಯೂಟ್ರಾನು ಹೊಂದಿರುವ ಅದು ಇಷ್ಟು ಹಗುರವಾದ ನ್ಯೂಕ್ಲಿಯಸ್ಸುಗಳ ನಡುವೆ ಅಸಾಧಾರಣವಾಗಿ ನ್ಯೂಟ್ರಾನು ತುಂಬಿಕೊಂಡಿರುವಂಥದ್ದು. ಭಾರ ನ್ಯೂಕ್ಲಿಯಸ್ಸುಗಳು ಉಳಿಯಬೇಕಾದರೆ ಪ್ರೋಟಾನುಗಳ ಪರಸ್ಪರ ವಿಕರ್ಷಣೆಯನ್ನು ತಡೆದುಕೊಳ್ಳುವಷ್ಟು ನ್ಯೂಟ್ರಾನುಗಳು ಬೇಕು. 114ರಿಂದ 118ರವರೆಗಿನ ಐದೂ ಧಾತುಗಳು ಮೊದಲು ಸಿಕ್ಕದ್ದು ಈ ಕಿರಣಪುಂಜದಿಂದಲೇ.

ಹಾಗೆಂದು ನ್ಯೂಟ್ರಾನು ಹೆಚ್ಚಿದಂತೆಲ್ಲ ಆಯುಸ್ಸು ಏರುತ್ತಲೇ ಹೋಗುತ್ತದೆ ಎಂದು ಭಾವಿಸಬೇಡಿ. ಕೋಪರ್ನಿಸಿಯಮ್-282 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಸ್ವಯಂ ವಿದಳನಗೊಂಡು, ಅಂದರೆ ತಾನಾಗಿಯೇ ಎರಡು ಹೋಳಾಗಿ, ಒಡೆಯುತ್ತದೆ. 283 ಸುಮಾರು 4 ಸೆಕೆಂಡು ಉಳಿಯುತ್ತದೆ. 284 ಮತ್ತೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. 285 ಅರ್ಧ ನಿಮಿಷಕ್ಕೆ ಏರುತ್ತದೆ. ಬೆಸ ಸಂಖ್ಯೆಯ ನ್ಯೂಟ್ರಾನುಗಳಿದ್ದಾಗ ಜೊತೆ ಸಿಗದೆ ಉಳಿದ ಒಂದು ನ್ಯೂಟ್ರಾನು ವಿದಳನಕ್ಕೆ ತಡೆಯೊಡ್ಡುವುದರಿಂದ ಈ ಏರಿಳಿತ ಕಾಣುತ್ತದೆ. 184 ನ್ಯೂಟ್ರಾನುಗಳ ಬಳಿ ವಿಶೇಷ ಸ್ಥಿರತೆ ಇದೆ ಎಂದು ಸಿದ್ಧಾಂತ 1960ರ ದಶಕದಿಂದ ಹೇಳುತ್ತಿದೆ. ಫ್ಲೆರೋವಿಯಮ್-289ರಲ್ಲಿ ಇರುವುದು 175 ಮಾತ್ರ, ಇನ್ನೂ ಒಂಬತ್ತು ಕಡಿಮೆ.

ಅರ್ಧಾಯುವಿನ ಅಂಕಿಗಳು ಆಗಾಗ ಬದಲಾಗುವುದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ಅರ್ಧಾಯು ಸಂಖ್ಯಾಶಾಸ್ತ್ರದ ಪರಿಮಾಣ. ಕೋಟ್ಯಂತರ ಪರಮಾಣುಗಳಿದ್ದರೆ ಅದನ್ನು ನಿಖರವಾಗಿ ಹೇಳಬಹುದು. ಐದು ಪರಮಾಣುಗಳ ಜೀವಿತಾವಧಿಯಿಂದ ಸರಾಸರಿ ತೆಗೆದರೆ ಅದರಲ್ಲಿ ಸುಮಾರು ಶೇಕಡಾ 45ರಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಓಗನೆಸಾನ್-294ರ ಅರ್ಧಾಯು ಸುಮಾರು 0.7 ಮಿಲಿಸೆಕೆಂಡು ಎಂಬುದು ಬೆರಳೆಣಿಕೆಯ ಪರಮಾಣುಗಳಿಂದ ಬಂದ ಅಂಕಿ. ಇಂಥ ಅಂಕಿಗಳನ್ನು ಹೋಲಿಸಿ ಅತಿ ಹೆಚ್ಚು ಬಾಳುವ ಐಸೋಟೋಪನ್ನು ಆರಿಸುವಾಗ, ಹೊಸ ಪ್ರಯೋಗದಲ್ಲಿ ಇನ್ನೊಂದಷ್ಟು ಪರಮಾಣುಗಳು ಸಿಕ್ಕ ಕೂಡಲೇ ಆಯ್ಕೆ ಬದಲಾಗುವುದು ಸಹಜ.

ಈಗ ನಿಮ್ಮ ಕೊನೆಯ ಪ್ರಶ್ನೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಇದೇ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ: ರಾಶಿ ಸಂಖ್ಯೆಯನ್ನು ಗುರುತಿಸುವುದು ಒಂದು, ನಿಜವಾದ ರಾಶಿಯನ್ನು ಅಳೆಯುವುದು ಇನ್ನೊಂದು.

ರಾಶಿ ಸಂಖ್ಯೆಗೆ ಮೊದಲ ಆಧಾರ ಮೇಲೆ ಮಾಡಿದಂಥ ಕೂಡಿಸಿ ಕಳೆಯುವ ಲೆಕ್ಕ. ಕ್ಯಾಲಿಫೋರ್ನಿಯಮ್-249ಕ್ಕೆ ಕ್ಯಾಲ್ಸಿಯಮ್-48 ಸೇರಿದರೆ 297. ಮೂರು ನ್ಯೂಟ್ರಾನು ಹೋದರೆ ಓಗನೆಸಾನ್-294. ಆದರೆ ಹೋದದ್ದು ಎರಡಲ್ಲ, ನಾಲ್ಕಲ್ಲ, ಮೂರೇ ಎಂದು ಹೇಗೆ ತಿಳಿಯುವುದು? ಕಿರಣಪುಂಜದ ಶಕ್ತಿಯನ್ನು ಮೆಲ್ಲಗೆ ಏರಿಸುತ್ತ ಹೋದರೆ ಮೊದಲು ಮೂರು ನ್ಯೂಟ್ರಾನು ಕಳೆದ ಉತ್ಪನ್ನ, ಆಮೇಲೆ ನಾಲ್ಕು ಕಳೆದದ್ದು ಪ್ರಧಾನವಾಗುತ್ತದೆ. ಯಾವ ಶಕ್ತಿಯಲ್ಲಿ ಯಾವ ಕ್ಷಯ ಸರಣಿ ಕಂಡಿತು ಎಂಬುದು ಒಂದು ಸುಳಿವು. ಟೆನೆಸೀನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ತಯಾರಿಸಿದ 22 ಮಿಲಿಗ್ರಾಂ ಬರ್ಕೀಲಿಯಮ್-249 ಅನ್ನು, ಅದರ ಅರ್ಧಾಯು ಒಂದು ವರ್ಷವೂ ಇಲ್ಲದ್ದರಿಂದ ತಡಮಾಡದೆ ರಷ್ಯಾಕ್ಕೆ ಸಾಗಿಸಿ, 2009ರಲ್ಲಿ ಆರಂಭವಾದ ಪ್ರಯೋಗದಲ್ಲಿ ಒಟ್ಟು ಆರು ಪರಮಾಣುಗಳನ್ನು ಪಡೆದರು. ಐದು ಪರಮಾಣುಗಳು ಟೆನೆಸೀನ್-293, ಒಂದು ಟೆನೆಸೀನ್-294.

ಎರಡನೆಯ ಆಧಾರ ಕ್ಷಯ ಸರಣಿ. ಒಂದು ಆಲ್ಫಾ ಕಣ ಹೋದಾಗ ಪರಮಾಣು ಸಂಖ್ಯೆ 2ರಷ್ಟು, ರಾಶಿ ಸಂಖ್ಯೆ 4ರಷ್ಟು ಇಳಿಯುತ್ತದೆ. ಹೀಗೆ ಇಳಿಯುತ್ತ ಬಂದು ಸರಣಿಯು ಮೊದಲೇ ಚೆನ್ನಾಗಿ ಗೊತ್ತಿರುವ ನ್ಯೂಕ್ಲಿಯಸ್ಸನ್ನು ಮುಟ್ಟಿದರೆ, ಮೊಮ್ಮಗನ ಗುರುತು ಹಿಡಿದು ಅಜ್ಜ ಯಾರೆಂದು ಹೇಳುವ ಹಾಗೆ, ಮೊದಲಿನದು ಯಾವುದೆಂದು ಸಂಶಯವಿಲ್ಲದೆ ಹೇಳಬಹುದು.

ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕೊಸುಕೆ ಮೊರಿತಾ ಅವರ ತಂಡ ನಿಹೋನಿಯಮ್‌ಗಾಗಿ ಮಾಡಿದ್ದು ಇದನ್ನೇ. ಬಿಸ್ಮತ್-209ರ ಮೇಲೆ ಸತು-70 ಹಾಯಿಸಿದಾಗ 279ರ ನ್ಯೂಕ್ಲಿಯಸ್ಸು ಕೂಡಿ, ಒಂದು ನ್ಯೂಟ್ರಾನು ಕಳೆದು ನಿಹೋನಿಯಮ್-278 ಉಳಿಯುತ್ತದೆ. 2004ರ ಜುಲೈಯಲ್ಲಿ ಮೊದಲ ಪರಮಾಣು, 2005ರ ಏಪ್ರಿಲ್‌ನಲ್ಲಿ ಎರಡನೆಯದು ಕಂಡವು. ಎರಡೂ ಸರಣಿಗಳು ರೋಂಟ್ಗೆನಿಯಮ್-274, ಮೈಟ್ನೇರಿಯಮ್-270, ಬೋರಿಯಮ್-266ರ ಮೂಲಕ ಇಳಿದು ಡಬ್ನಿಯಮ್-262ರಲ್ಲಿ ವಿದಳನದೊಂದಿಗೆ ಮುಗಿದವು. ಬೋರಿಯಮ್-266ರ ನಡವಳಿಕೆ ಆಗ ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಅಂತರರಾಷ್ಟ್ರೀಯ ಮೌಲ್ಯಮಾಪಕರಿಗೆ ಈ ಸಾಕ್ಷ್ಯ ಸಾಲಲಿಲ್ಲ. ತಂಡ ಎದೆಗುಂದದೆ, ಕ್ಯೂರಿಯಮ್-248 ಮತ್ತು ಸೋಡಿಯಮ್-23ರಿಂದ ಬೋರಿಯಮ್-266 ಅನ್ನು ಪ್ರತ್ಯೇಕವಾಗಿ ತಯಾರಿಸಿ ಅದರ ಕ್ಷಯವನ್ನು ಅಧ್ಯಯನ ಮಾಡಿತು. 2012ರ ಆಗಸ್ಟ್ 12ರಂದು ಮೂರನೆಯ ಪರಮಾಣು ಸಿಕ್ಕಿತು. ಈ ಬಾರಿ ಡಬ್ನಿಯಮ್-262 ಒಡೆಯಲಿಲ್ಲ. ಅದೂ ಆಲ್ಫಾ ಕಣವನ್ನು ಹೊರಹಾಕಿ ಲಾರೆನ್ಸಿಯಮ್-258 ಆಯಿತು, ಅದು ಮತ್ತೊಂದನ್ನು ಹೊರಹಾಕಿ ಮೆಂಡಲೀವಿಯಮ್-254 ಆಯಿತು. ಒಂದರ ಹಿಂದೊಂದು ಆರು ಆಲ್ಫಾ ಕಣಗಳು, ಕೊನೆಯ ಮೆಟ್ಟಿಲುಗಳೆಲ್ಲ ಪರಿಚಿತ. 254ಕ್ಕೆ ಆರು ಸಲ ನಾಲ್ಕನ್ನು ಕೂಡಿಸಿದರೆ 278. ಮೂರೇ ಪರಮಾಣುಗಳ ಮೇಲೆ ನಿಂತ ಈ ವಾದವನ್ನು ಒಪ್ಪಿ, 2015ರ ಕೊನೆಯಲ್ಲಿ ಶೋಧದ ಮನ್ನಣೆಯನ್ನು ರಿಕೆನ್‌ಗೆ ಕೊಟ್ಟರು.

ದುಬ್ನಾದ ಸರಣಿಗಳಿಗೆ ಈ ಅನುಕೂಲವಿರಲಿಲ್ಲ. ನ್ಯೂಟ್ರಾನು ಹೆಚ್ಚಿರುವ ಆ ಸರಣಿಗಳು ಪರಿಚಿತ ನ್ಯೂಕ್ಲಿಯಸ್ಸುಗಳನ್ನು ಮುಟ್ಟುವ ಮೊದಲೇ ಸ್ವಯಂ ವಿದಳನದಿಂದ ಕೊನೆಗೊಳ್ಳುತ್ತವೆ. ಓಗನೆಸಾನ್-294 ಲಿವರ್ಮೋರಿಯಮ್-290 ಆಗಿ, ಫ್ಲೆರೋವಿಯಮ್-286 ಆಗಿ, ಅಲ್ಲಿಯೇ ಅಥವಾ ಮುಂದಿನ ಕೋಪರ್ನಿಸಿಯಮ್-282ರಲ್ಲಿ ಒಡೆದುಹೋಗುತ್ತದೆ. ಬೇರೆ ಬೇರೆ ಗುರಿಫಲಕಗಳಿಂದ ಹೊರಟ ಸರಣಿಗಳು ಒಂದೇ ಮೆಟ್ಟಿಲಿಗೆ ಬಂದು ಸೇರುವುದನ್ನು ತೋರಿಸಿ ರಾಶಿ ಸಂಖ್ಯೆಗಳನ್ನು ಸಮರ್ಥಿಸಿದರು. ವಾದ ಗಟ್ಟಿಯಾಗಿತ್ತು, ಆದರೂ ಪರೋಕ್ಷ. 2018ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು ಫಿಯೋನಾ ಎಂಬ ಉಪಕರಣದಿಂದ ಈ ಕೊರತೆಯನ್ನು ನೀಗಿಸಿದರು. ಅಮೆರಿಸಿಯಮ್-243 ಮತ್ತು ಕ್ಯಾಲ್ಸಿಯಮ್-48ರಿಂದ ಹುಟ್ಟಿದ ಪರಮಾಣುಗಳನ್ನು ಅನಿಲದಲ್ಲಿ ನಿಧಾನಗೊಳಿಸಿ, ಹಿಡಿದಿಟ್ಟು, ಪರಸ್ಪರ ಅಡ್ಡವಾಗಿರುವ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳೊಳಗೆ ಬಿಟ್ಟರು. ಅಯಾನು, ಅಂದರೆ ವಿದ್ಯುದಾವೇಶ ಹೊಂದಿದ ಪರಮಾಣು, ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಅದರ ರಾಶಿಗೂ ಆವೇಶಕ್ಕೂ ಇರುವ ಅನುಪಾತವನ್ನು ಅವಲಂಬಿಸುತ್ತದೆ. ಮೊಸ್ಕೋವಿಯಮ್ 288ರ ಜಾಗದಲ್ಲಿಯೂ ಅದರ ಮರಿ ನಿಹೋನಿಯಮ್ 284ರ ಜಾಗದಲ್ಲಿಯೂ ಕಂಡವು. ದುಬ್ನಾದವರ ಲೆಕ್ಕ ಸರಿಯಾಗಿತ್ತು.

ಇಷ್ಟಾದರೂ ಸಿಕ್ಕದ್ದು ಪೂರ್ಣಾಂಕವೇ. ದಶಮಾಂಶದೊಂದಿಗಿನ ನಿಜವಾದ ರಾಶಿ ಬೇಕಾದರೆ ಇನ್ನೂ ಸೂಕ್ಷ್ಮವಾದ ಅಳತೆ ಬೇಕು. ಜಿಎಸ್‌ಐಯ ಶಿಪ್‌ಟ್ರಾಪ್ ಉಪಕರಣವು ಅಯಾನನ್ನು ಪ್ರಬಲ ಕಾಂತಕ್ಷೇತ್ರದಲ್ಲಿ ಬಂಧಿಸಿ, ಅದು ಸುತ್ತುವ ಆವರ್ತನದಿಂದ ರಾಶಿಯನ್ನು ಕಂಡುಹಿಡಿಯುತ್ತದೆ. 102ನೆಯ ಧಾತುವಾದ ನೊಬೀಲಿಯಮ್‌ನ 252, 253 ಮತ್ತು 254 ಐಸೋಟೋಪುಗಳನ್ನು ಹೀಗೆ ನೇರವಾಗಿ ಅಳೆದಿದ್ದಾರೆ. ರಿಕೆನ್‌ನಲ್ಲಿ ಅಯಾನುಗಳ ಹಾರಾಟದ ಅವಧಿಯನ್ನು ಅಳೆಯುವ ವಿಧಾನದಿಂದ ಡಬ್ನಿಯಮ್-257ರ ರಾಶಿಯನ್ನು ಕಂಡುಕೊಂಡಿದ್ದಾರೆ. ಓಗನೆಸಾನ್‌ಗೆ ಇಂಥ ನೇರ ಅಳತೆ ಇಲ್ಲ. ಅದು ಹೊರಹಾಕುವ ಆಲ್ಫಾ ಕಣದ ಶಕ್ತಿಯಿಂದ ಆ ಕ್ಷಯದಲ್ಲಿ ಸುಮಾರು 11.8 ಮೆಗಾ ಎಲೆಕ್ಟ್ರಾನ್ ವೋಲ್ಟ್ (ನ್ಯೂಕ್ಲಿಯಸ್ಸುಗಳ ಶಕ್ತಿಯ ಅಳತೆ) ಬಿಡುಗಡೆಯಾಗುತ್ತದೆ ಎಂದು ತಿಳಿಯುತ್ತದೆ, ಅಂದರೆ ಓಗನೆಸಾನ್-294ರ ರಾಶಿಯು ಲಿವರ್ಮೋರಿಯಮ್-290 ಮತ್ತು ಹೀಲಿಯಮ್-4ರ ರಾಶಿಗಳ ಮೊತ್ತಕ್ಕಿಂತ ಸುಮಾರು 0.0127 ಪರಮಾಣು ರಾಶಿ ಏಕಮಾನದಷ್ಟು ಹೆಚ್ಚು. ಆದರೆ ಇದು ವ್ಯತ್ಯಾಸ ಮಾತ್ರ. ಸರಣಿಯ ಬುಡ ಯಾವ ಅಳೆದ ರಾಶಿಗೂ ತಗುಲಿಕೊಂಡಿಲ್ಲ. ಹೀಗಾಗಿ ಪರಮಾಣು ರಾಶಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ರಾಶಿಯನ್ನು ಸುಮಾರು 294.21 ಎಂದು, ನೆರೆಯ ನ್ಯೂಕ್ಲಿಯಸ್ಸುಗಳ ಪ್ರವೃತ್ತಿಯಿಂದ ಅಂದಾಜಿಸಿದ್ದು ಎಂಬ ಗುರುತಿನೊಂದಿಗೆ, ಕೊಟ್ಟಿದ್ದಾರೆ.

ಈ 294.21ರಿಂದ ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕವಿದೆ. 118 ಹೈಡ್ರೋಜನ್ ಪರಮಾಣುಗಳ ರಾಶಿ, ತಲಾ 1.007825ರಂತೆ, 118.923. 176 ನ್ಯೂಟ್ರಾನುಗಳದ್ದು, ತಲಾ 1.008665ರಂತೆ, 177.525. ಒಟ್ಟು 296.448. ಓಗನೆಸಾನ್‌ನ ರಾಶಿ ಇದಕ್ಕಿಂತ ಸುಮಾರು 2.23 ಏಕಮಾನ ಕಡಿಮೆ. ಒಂದು ಏಕಮಾನಕ್ಕೆ 931.5 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನಂತೆ ಈ ಕೊರತೆಗೆ ಸಮನಾದ ಬಂಧನ ಶಕ್ತಿ, ಅಂದರೆ ಕಣಗಳನ್ನು ಬಿಡಿಬಿಡಿಯಾಗಿಸಲು ಬೇಕಾದ ಶಕ್ತಿ, ಸುಮಾರು 2080, ಒಂದು ಕಣಕ್ಕೆ ಸುಮಾರು 7.1. ಕಬ್ಬಿಣ-56ರಲ್ಲಿ ಇದು 8.8, ಯುರೇನಿಯಮ್-238ರಲ್ಲಿ 7.6. ರಾಶಿಯು 294ಕ್ಕಿಂತ ಹೆಚ್ಚಿರುವುದೇಕೆ ಎಂದು ಯಾರಾದರೂ ಕೇಳಿದರೆ ಉತ್ತರವೂ ಇಲ್ಲಿಯೇ ಇದೆ. ಏಕಮಾನವನ್ನು ಕಾರ್ಬನ್-12ರ ಹನ್ನೆರಡನೆಯ ಒಂದು ಭಾಗವೆಂದು ನಿಗದಿಪಡಿಸಿರುವುದರಿಂದ, ಅದಕ್ಕಿಂತ ಬಿಗಿಯಾಗಿ ಬಂಧಿತವಾದ ಕಬ್ಬಿಣ-56ರ ರಾಶಿ 55.935 ಆಗಿ ರಾಶಿ ಸಂಖ್ಯೆಗಿಂತ ಕೆಳಗಿಳಿಯುತ್ತದೆ, ಯುರೇನಿಯಮ್-238ರದ್ದು 238.05 ಆಗಿ ಮೇಲೇರುತ್ತದೆ. ಓಗನೆಸಾನ್ ಇನ್ನೂ ಮೇಲೆ.

ಪಾಠ ಮಾಡುವಾಗ ಎರಡು ಎಚ್ಚರಿಕೆಗಳು ಸಾಕು. ಮೊದಲನೆಯದು, ನ್ಯೂಟ್ರಾನುಗಳ ಸಂಖ್ಯೆ ಕಂಡುಹಿಡಿಯಲು ಪರಮಾಣು ಸಂಖ್ಯೆಯನ್ನು ಕಳೆಯುವ ಲೆಕ್ಕ. 285ರಲ್ಲಿ 112 ಕಳೆದರೆ ಬರುವ 173 ನಿಜವಾದ ಉತ್ತರ, ಆದರೆ ಅದು ಕೋಪರ್ನಿಸಿಯಮ್-285ಕ್ಕೆ ಮಾತ್ರ ಸೇರಿದ್ದು, ಎಲ್ಲ ಕೋಪರ್ನಿಸಿಯಮ್‌ಗೂ ಅಲ್ಲ. 35.45ರಲ್ಲಿ 17 ಕಳೆದು ಬರುವ 18.45 ಯಾವ ಕ್ಲೋರಿನ್ ಪರಮಾಣುವಿಗೂ ಸೇರಿದ್ದಲ್ಲ. ಎರಡನೆಯದು, ಎಲ್ಲ ಚೌಕ ಆವರಣಗಳೂ ಒಂದೇ ಅರ್ಥದವಲ್ಲ. ಹೈಡ್ರೋಜನ್‌ನಂಥ ಕೆಲವು ಧಾತುಗಳಿಗೆ ಐಯುಪಿಎಸಿ 1.00784 ಮತ್ತು 1.00811 ಎಂದು ಎರಡು ಸಂಖ್ಯೆಗಳನ್ನು ಆವರಣದೊಳಗೆ ಕೊಡುತ್ತದೆ. ಅದು ನೈಸರ್ಗಿಕ ಮಾದರಿಗಳಲ್ಲಿ ತೂಕ ಎಲ್ಲಿಂದ ಎಲ್ಲಿಯವರೆಗೆ ಬದಲಾಗುತ್ತದೆ ಎಂಬುದರ ವ್ಯಾಪ್ತಿ. ಒಂದೇ ಪೂರ್ಣಾಂಕವಿದ್ದರೆ ಐಸೋಟೋಪಿನ ರಾಶಿ ಸಂಖ್ಯೆ, ದಶಮಾಂಶದ ಜೋಡಿ ಇದ್ದರೆ ವ್ಯಾಪ್ತಿ.

ನಿಮ್ಮ ಗೋಡೆಯ ಕೋಷ್ಟಕದಲ್ಲಿ 277 ಮತ್ತು 262 ಇದ್ದರೆ ಪಕ್ಕದಲ್ಲಿ ಹೊಸ ಸಂಖ್ಯೆಗಳನ್ನು ಬರೆದು, ಕೋಷ್ಟಕ ಅಚ್ಚಾದ ವರ್ಷವನ್ನೂ ನಮೂದಿಸಿಡಿ. ಅವು ಮುಂದೆಯೂ ಬದಲಾಗಬಹುದು. ಓಗನೆಸಾನ್‌ನಲ್ಲಿ ಈವರೆಗೆ ದೃಢಪಟ್ಟಿರುವುದು 294 ಒಂದೇ. ಕ್ಯಾಲಿಫೋರ್ನಿಯಮ್-251 ಸಾಕಷ್ಟು ಇರುವ ಗುರಿಫಲಕ ಸಿದ್ಧವಾದರೆ, 251 ಮತ್ತು 48 ಸೇರಿದ 299ರಿಂದ ಮೂರು ಅಥವಾ ನಾಲ್ಕು ನ್ಯೂಟ್ರಾನು ಕಳೆದು 296 ಅಥವಾ 295 ಸಿಗಬೇಕು. ಅವುಗಳಲ್ಲಿ ಯಾವುದಾದರೂ 0.7 ಮಿಲಿಸೆಕೆಂಡಿಗಿಂತ ಹೆಚ್ಚು ಬಾಳಿದರೆ, ಕೋಷ್ಟಕದ ಕೊನೆಯ ಮನೆಯ ಸಂಖ್ಯೆಯನ್ನೂ ತಿದ್ದಬೇಕಾಗುತ್ತದೆ.